ಪಟದ ಕಾಗದವೂ ಗೃಹಸ್ಥನ ಋಣವೂ

ಕೊಂಡ ದಿನವೇ ಗುಣವು ತಿಳಿದುಬರುವ ವಸ್ತುಗಳು ಕೆಲವು. ಕೊಂಡವನ ಕಾಲವು ಕಳೆದ ಮೇಲೆ ಗುಣವು ತಿಳಿದುಬರುವ ವಸ್ತುಗಳು ಕೆಲವು. ಅಕ್ಕಿಯ ಯೋಗ್ಯತೆಯು ಅಂದಿನ ಊಟದಲ್ಲಿಯೇ ಗೊತ್ತಾಗುವುದು. ಕಾಫಿಬೀಜದ ಯೋಗ್ಯತೆಯು ಹುರಿಯುವಾಗ ಬರುವ ಪರಿಮಳದಲ್ಲಿ ಗೊತ್ತಾಗುವುದು. ಇಂಥವುಗಳನ್ನು ಆರಿಸುವುದಕ್ಕೆ ಜಾಣತನವೊಂದಿದ್ದರೆ ಸಾಕು. ಮೋಸಹೋದವನು ಮರುವಾರ ಅಂಗಡಿಯನ್ನು ಬದಲಾಯಿಸುವನು. ಎರಡನೆಯ ಜಾತಿಯ ವಸ್ತುಗಳಲ್ಲಾದರೋ ಕೊಳ್ಳುವವನೊಬ್ಬ, ಫಲವನ್ನು ಅನುಭವಿಸುವವನು ಮತ್ತೊಬ್ಬ. ಅಲ್ಲಿ ಆಯ್ಕೆಯು ಜಾಣತನದ ಎಲ್ಲೆಯನ್ನು ದಾಟಿ ಧರ್ಮದ ಎಲ್ಲೆಯನ್ನು ಪ್ರವೇಶಿಸುತ್ತದೆ. ಮನೆಯ ಹಿರಿಯರ ಭಾವಚಿತ್ರವನ್ನು ಮುದ್ರಿಸುವ ಕಾಗದವು ಈ ಎರಡನೆಯ ಜಾತಿಗೆ ಸೇರಿದುದು.

ಸಕಲೇಶಪುರ, ಆಲೂರುಗಳ ಬೆಟ್ಟದ ಸೀಮೆಯಲ್ಲಿ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಎಂಬತ್ತು ದಾಟಿದ ಅಜ್ಜಿಯು ತೀರಿಕೊಂಡಿದ್ದಾಳೆ. ಗೋಡೆಗೆ ತೂಗುಹಾಕುವಂಥ ಆಕೆಯ ಪಟ ಒಂದೂ ಇಲ್ಲ. ಮದುವೆಯೊಂದರಲ್ಲಿ ಮೊಮ್ಮಗನು ಮೊಬೈಲಿನಿಂದ ತೆಗೆದ ಚಿತ್ರವೊಂದು ಸಿಕ್ಕಿದೆ. ಮೂಗುಬೊಟ್ಟಿನ ಮಿನುಗು, ಕೆನ್ನೆಯ ಸುಕ್ಕು, ತುಟಿಯಂಚಿನ ನಗೆ ಎಲ್ಲವೂ ಅದರಲ್ಲಿ ಬಂದಿವೆ. ತಿಥಿಯ ದಿನಕ್ಕೆ ಪಟವಾಗಬೇಕೆಂದು ಮಗನು ಪೇಟೆಗೆ ಬರುತ್ತಾನೆ. ಇಂಕ್‌ಜೆಟ್ ಮುದ್ರಣದ ಅಂಗಡಿಯವನು ಎರಡು ಮಾದರಿಗಳನ್ನು ಮುಂದಿಡುತ್ತಾನೆ. ಒಂದು ಕನ್ನಡಿಯಂತೆ ಥಳಥಳಿಸುವ ಹಾಳೆ, ಬೆಲೆಯೂ ಸ್ವಲ್ಪ. ಮತ್ತೊಂದು ಹತ್ತಿಯ ನಾರಿನ, ಹೊಳಪಿಲ್ಲದ, ದಪ್ಪನೆಯ ಹಾಳೆ. ಬೆಲೆ ಅದರ ಹಲವು ಪಾಲು. ಆ ದಿನದ ಕಣ್ಣಿಗೆ ಮೊದಲನೆಯದೇ ಚೆಲುವಾಗಿ ಕಾಣುತ್ತದೆ. ಮಗನು ಯಾವುದನ್ನು ಆರಿಸತಕ್ಕದ್ದು?

ಉತ್ತರಕ್ಕೆ ಮೊದಲು ಪದಾರ್ಥಗಳ ಸ್ವಭಾವವನ್ನು ತಿಳಿಯಬೇಕು. ಈ ಯಂತ್ರವು ಶಾಯಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕಾಗದದ ಮೇಲೆ ಚಿಮ್ಮಿಸುತ್ತದೆ. ಶಾಯಿಯು ಎರಡು ವಿಧ. ಒಂದರಲ್ಲಿ ಬಣ್ಣವು ನೀರಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಇದನ್ನು ಡೈ ಶಾಯಿ ಎನ್ನುತ್ತಾರೆ. ಇನ್ನೊಂದರಲ್ಲಿ ಬಣ್ಣದ ಅತಿಸೂಕ್ಷ್ಮವಾದ ಕಣಗಳು ಕರಗದೆ ತೇಲುತ್ತಿರುತ್ತವೆ. ಇದು ಪಿಗ್‌ಮೆಂಟ್ ಶಾಯಿ. ಕರಗಿದ ಬಣ್ಣವು ಬೆಳಕಿಗೂ ತೇವಕ್ಕೂ ಬೇಗನೆ ಸೋಲುತ್ತದೆ; ಕಣದ ಬಣ್ಣವು ಹೆಚ್ಚು ಕಾಲ ತಡೆಯುತ್ತದೆ. ಕಾಗದದ ಮೇಲಿನ ಲೇಪವೂ ಎರಡು ವಿಧ. ಜೆಲಟಿನ್ ಮೊದಲಾದವುಗಳ ಲೇಪವು ಶಾಯಿಯನ್ನು ಹೀರಿ ಉಬ್ಬಿ ಬಣ್ಣವನ್ನು ಒಳಗೆ ಮುಚ್ಚಿಕೊಳ್ಳುತ್ತದೆ. ಗಾಳಿಯಿಂದ ರಕ್ಷಣೆಯುಂಟು, ತೇವದ ಭಯವು ತಪ್ಪದು. ಸಿಲಿಕಾ, ಅಲ್ಯುಮಿನಾಗಳ ನುಣ್ಣನೆಯ ಪುಡಿಯ ಲೇಪದಲ್ಲಿ ಅಸಂಖ್ಯಾತವಾದ ಸಣ್ಣ ರಂಧ್ರಗಳಿರುತ್ತವೆ. ಶಾಯಿಯು ಕ್ಷಣದಲ್ಲಿ ಒಣಗುತ್ತದೆ, ಆದರೆ ಅದೇ ರಂಧ್ರಗಳ ಮೂಲಕ ಗಾಳಿಯೂ ಅದರೊಡನೆ ಓಜೋನ್ ವಾಯುವೂ ಪ್ರವೇಶಿಸಿ ಡೈ ಬಣ್ಣವನ್ನು ತಿನ್ನುತ್ತವೆ. ಇಂಥ ಕಾಗದದ ಮೇಲೆ ಡೈ ಶಾಯಿಯಿಂದ ಮುದ್ರಿಸಿದ ಚಿತ್ರಗಳು ಕೆಲವೇ ತಿಂಗಳುಗಳಲ್ಲಿ ಕಿತ್ತಲೆಯ ಬಣ್ಣಕ್ಕೆ ತಿರುಗಿದ ಸಂಗತಿಯು ೨೦೦೦ದ ಸುಮಾರಿಗೆ ಹೊರದೇಶಗಳಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಆದುದರಿಂದ ಕಾಗದವು ಒಳ್ಳೆಯದೇ ಎಂದು ಕೇಳುವುದಕ್ಕೆ ಮುಂಚೆ, ಯಾವ ಶಾಯಿಗೆ ಒಳ್ಳೆಯದು ಎಂದು ಕೇಳಬೇಕು. ಪಾತ್ರಾಪಾತ್ರ ವಿವೇಕವಿಲ್ಲದ ದಾನದಂತೆ ಶಾಯಿಯನ್ನರಿಯದ ಕಾಗದದ ಆಯ್ಕೆಯೂ ವ್ಯರ್ಥವೇ.

ಇನ್ನು ಬಿಳುಪಿನ ವಿಷಯ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಪದಾರ್ಥವು ಉಳಿದಿರುತ್ತದೆ. ಬೆಳಕು ಗಾಳಿಗಳ ಸಂಗಡದಿಂದ ಅದು ಹಳದಿಯಾಗುತ್ತದೆ. ಆಮ್ಲವು ಉಳಿದ ಕಾಗದವು ಕಾಲಕ್ರಮದಲ್ಲಿ ಹಪ್ಪಳದಂತೆ ಮುರಿಯುತ್ತದೆ. ಕಣ್ಣು ಕೋರೈಸುವಷ್ಟು ಬೆಳ್ಳಗಿರುವ ಅನೇಕ ಹಾಳೆಗಳಲ್ಲಿ, ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುವ ರಾಸಾಯನಿಕವನ್ನು ಬೆರಸಿರುತ್ತಾರೆ. ಅದರ ಶಕ್ತಿಯು ಉಡುಗಿದ ದಿನ ಬಿಳುಪು ಹೋಗಿ ಕಾಗದದ ನಿಜವಾದ ಬಣ್ಣವು ಹೊರಬೀಳುವುದು. ನೋಟುಗಳನ್ನು ಪರೀಕ್ಷಿಸುವ ನೇರಳೆಯ ದೀಪದ ಕೆಳಗೆ ಹಿಡಿದರೆ ಅಂಥ ಹಾಳೆಯು ನೀಲಿಯಾಗಿ ಹೊಳೆಯುತ್ತದೆ. ಶುದ್ಧವಾದ ಹತ್ತಿಯ ಹಾಳೆಯು ಮಂಕಾಗಿಯೇ ಇರುತ್ತದೆ. ಹೊಳೆಯದಿರುವುದೇ ಇಲ್ಲಿ ಗುಣ.

ಪೊಟ್ಟಣದ ಮೇಲೆ ನೂರು ವರ್ಷವೆಂದು ಅಚ್ಚು ಹಾಕಿರುವುದುಂಟು. ನೂರು ವರ್ಷ ಕಾದು ನೋಡಿದವರು ಯಾರೂ ಇಲ್ಲ. ತೀಕ್ಷ್ಣವಾದ ಬೆಳಕಿನಲ್ಲಿ ಕೆಲವು ತಿಂಗಳು ಇಟ್ಟು ಲೆಕ್ಕದಿಂದ ಊಹಿಸಿದ ಸಂಖ್ಯೆ ಅದು. ಈ ಪರೀಕ್ಷೆಗಳಲ್ಲಿ ಹೆಸರಾದ ಅಮೆರಿಕದ ಹೆನ್ರಿ ವಿಲ್‌ಹೆಲ್ಮ್ ಅವರ ಸಂಸ್ಥೆಯು ಬೆಳಕಿನಲ್ಲಿ ತೂಗುಹಾಕಿದ ಚಿತ್ರದ ಆಯುಷ್ಯವನ್ನು ಹೇಳುವಾಗ ದಿನಕ್ಕೆ ೧೨ ಗಂಟೆಗಳ ಬೆಳಕು, ೨೪ ಡಿಗ್ರಿ ಶಾಖ, ಗಾಳಿಯಲ್ಲಿ ಶೇಕಡ ೬೦ರಷ್ಟು ತೇವ ಎಂಬ ನಿಯಮಗಳನ್ನು ಇಟ್ಟುಕೊಂಡಿದೆ. ಆರಿದ್ರಾ, ಪುನರ್ವಸು ಮಳೆಗಳು ಹಿಡಿದ ಮೇಲೆ ಹೇಮಾವತಿಯ ಈ ಸೀಮೆಯಲ್ಲಿ ತೇವವು ೬೦ನ್ನು ಬಹುವಾಗಿ ಮೀರುವುದು. ಒಗೆದ ಬಟ್ಟೆ ವಾರಗಟ್ಟಲೆ ಆರದು, ಚರ್ಮದ ಮೆಟ್ಟಿಗೆ ಬೂಷ್ಟು ಹಿಡಿಯುವುದು, ಪೆಟ್ಟಿಗೆಯಲ್ಲಿಟ್ಟ ಉಪ್ಪು ನೀರಾಗುವುದು. ಗಾಜಿಗೆ ಅಂಟಿಕೊಂಡ ಪಟವು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಾಜಿನ ಪಾಲಾಗುವುದೂ ಉಂಟು. ಬೇರೆ ದೇಶದ ಹವೆಗೆ ಹೇಳಿದ ಆಯುಷ್ಯವು ಈ ನಡುಮನೆಯ ಗೋಡೆಗೆ ಸಲ್ಲದು. ಆದುದರಿಂದ ಮಲೆನಾಡಿಗೆ ಪಿಗ್‌ಮೆಂಟ್ ಶಾಯಿ, ಅದಕ್ಕೆ ಹೊಂದುವ ರಂಧ್ರಲೇಪ, ಆಮ್ಲವಿಲ್ಲದ ಹತ್ತಿಯ ನಾರು, ಕಟ್ಟು ಹಾಕಿಸುವಾಗ ಚಿತ್ರಕ್ಕೂ ಗಾಜಿಗೂ ನಡುವೆ ರಟ್ಟಿನ ಅಂಚಿನ ಅಂತರ ಇಷ್ಟೂ ಬೇಕಾಗುತ್ತವೆ.

ಇಲ್ಲಿ ಇಬ್ಬರು ಆಕ್ಷೇಪಿಸಬಹುದು. ವೈರಾಗ್ಯದ ಮಾರ್ಗದವನು ಹೇಳುವನು: ದೇಹವೇ ಬೂದಿಯಾದ ಮೇಲೆ ದೇಹದ ನೆರಳಿಗೆ ನೂರು ವರ್ಷದ ಆಯುಷ್ಯವೇಕೆ? ಇದು ಮೋಹವಲ್ಲವೆ? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ತಾರ್ಕಿಕರು ಸ್ಮೃತಿಯ ವಿಷಯದಲ್ಲಿ ಹೇಳುವುದನ್ನೂ ವಿಚಾರಿಸಬೇಕು. ಅನುಭವವು ಸಂಸ್ಕಾರವಾಗಿ ಉಳಿಯುತ್ತದೆ. ಅದನ್ನು ಎಚ್ಚರಿಸುವ ಉದ್ಬೋಧಕವೊಂದು ದೊರೆತಾಗ ಸ್ಮೃತಿಯು ಹುಟ್ಟುತ್ತದೆ. ಗೋಡೆಯ ಪಟವು ಅಂಥ ಉದ್ಬೋಧಕ. ಪಟವೇ ಇಲ್ಲದಿದ್ದರೆ ಮನುಷ್ಯನು ಮರೆಯುವನು. ಮರೆವು ದೋಷವಲ್ಲ, ಸ್ವಭಾವ. ಪಟವಿದ್ದು ಅದು ವರ್ಷಕ್ಕಿಷ್ಟರಂತೆ ಬಣ್ಣಗೆಟ್ಟರೆ ಆಗುವುದು ಬೇರೆ. ದಿನವೂ ನೋಡುವ ಕಣ್ಣಿಗೆ ಬದಲಾವಣೆಯು ತಿಳಿಯದು. ಕೆಟ್ಟ ಬಣ್ಣವೇ ಅಜ್ಜಿಯ ಬಣ್ಣವಾಗಿ ಮನಸ್ಸಿನಲ್ಲಿ ನಿಲ್ಲುವುದು. ಆಕೆಯನ್ನು ಕಾಣದೆಯೇ ಹುಟ್ಟಿದ ಮಗುವಿಗಂತೂ ತಿದ್ದಿಕೊಳ್ಳುವ ಸಂಸ್ಕಾರವೇ ಇಲ್ಲ. ಪಟವು ಹೇಳಿದುದೇ ಅದಕ್ಕೆ ಪ್ರಮಾಣ. ಮರೆಯುವುದಕ್ಕಿಂತ ತಪ್ಪಾಗಿ ನೆನೆಯುವುದು ಹೆಚ್ಚಿನ ಹಾನಿ. ಪಟವನ್ನೇ ಬೇಡವೆಂಬ ವಿರಕ್ತನು ಸತ್ಯಕ್ಕೆ ದ್ರೋಹ ಮಾಡುವುದಿಲ್ಲ. ಪಟವನ್ನು ಬೇಕೆಂದು ಹೇಳಿ ಸುಳ್ಳಾಗತಕ್ಕ ಪಟವನ್ನು ತೂಗುಹಾಕುವವನು ಮಾಡುತ್ತಾನೆ.

ಎರಡನೆಯವನು ಬಡವನು. ಅವನ ಆಕ್ಷೇಪವು ಇನ್ನೂ ಗಟ್ಟಿಯಾದುದು: ಕೂಲಿಯಲ್ಲಿ ದಿನ ಕಳೆಯುವವನಿಗೆ ಹತ್ತಿಯ ಹಾಳೆಯನ್ನು ವಿಧಿಸುವುದು ಧರ್ಮವೆ? ಅಲ್ಲ. ಶಕ್ತಿಯನ್ನು ಮೀರಿದ ವ್ಯಯವನ್ನು ಯಾವ ಧರ್ಮವೂ ಕೇಳದು. ಅಕ್ಕಿಗೆ ಮೀಸಲಾದ ಹಣದಿಂದ ಪಟ ಮಾಡಿಸಬೇಕಾಗಿಲ್ಲ. ಆದರೆ ಬಹು ಮನೆಗಳಲ್ಲಿ ಕೊರತೆಯು ಹಣದ್ದಲ್ಲ, ವಿವೇಕದ್ದು. ನಾಮಕರಣ, ಪ್ರವಾಸ, ಹುಟ್ಟುಹಬ್ಬಗಳ ಇನ್ನೂರು ಚಿತ್ರಗಳನ್ನು ಅಗ್ಗದ ಹಾಳೆಯಲ್ಲಿ ಮುದ್ರಿಸಿ ಪೆಟ್ಟಿಗೆಯಲ್ಲಿ ತುಂಬುವವನು, ಉಳಿಯಬೇಕಾದ ನಾಲ್ಕನ್ನು ಆರಿಸಿ ಒಳ್ಳೆಯ ಹಾಳೆಯಲ್ಲಿ ಮುದ್ರಿಸಿದ್ದರೆ ವೆಚ್ಚವು ಹೆಚ್ಚುತ್ತಿರಲಿಲ್ಲ. ಅದೂ ಕೂಡದವನಿಗೆ ಜೋಪಾನವೇ ಬಂಡವಾಳ. ಬಿಸಿಲು ಬೀಳದ ಒಳಗೋಡೆ, ಒಲೆಯ ಹೊಗೆಯಿಂದ ದೂರ, ಮಳೆಗಾಲ ಕಳೆದ ಮೇಲೆ ಒಮ್ಮೆ ಇಳಿಸಿ ಒರಸಿ ನೋಡುವ ಅಭ್ಯಾಸ ಇವು ಸಾಧಾರಣವಾದ ಹಾಳೆಗೂ ಆಯುಷ್ಯವನ್ನು ಕೂಡಿಸುತ್ತವೆ. ಅಸಡ್ಡೆಯ ಮನೆಯಲ್ಲಿ ಅತ್ಯುತ್ತಮವಾದ ಕಾಗದವೂ ಹುಳುವಿನ ಆಹಾರವೇ.

ಮಾರುವವನ ಧರ್ಮವೂ ಒಂದುಂಟು. ಇನ್ನು ಹದಿನೈದು ವರ್ಷಕ್ಕೆ ಬಣ್ಣಗೆಟ್ಟ ಪಟವನ್ನು ಹಿಡಿದು ಯಾರೂ ಅಂಗಡಿಗೆ ಬರುವುದಿಲ್ಲ. ಲೆಕ್ಕ ಕೇಳುವವರಿಲ್ಲದ ಕಡೆಯಲ್ಲಿಯೇ ವ್ಯಾಪಾರಿಯ ಸತ್ಯವು ಪರೀಕ್ಷೆಗೆ ಒಳಗಾಗುವುದು. ಅವನು ದುಬಾರಿಯಾದುದನ್ನು ಬಲವಂತವಾಗಿ ಕೊಡಬೇಕಾಗಿಲ್ಲ; ಇದು ಇಂಥ ಶಾಯಿ, ಇದು ಇಷ್ಟು ಬಾಳುವುದೆಂಬ ನಂಬಿಕೆಯಿಲ್ಲ ಎಂದು ಹೇಳಿದರೆ ಸಾಕು. ಸಂದೇಹವಿದ್ದವನು ತಾನೇ ಪರೀಕ್ಷಿಸಬಹುದು: ಒಂದು ಚಿತ್ರದ ಅರ್ಧವನ್ನು ರಟ್ಟಿನಿಂದ ಮುಚ್ಚಿ ಕಿಟಕಿಯ ಬಳಿ ಕಾರ್ತಿಕದಿಂದ ಯುಗಾದಿಯ ತನಕ ಇಟ್ಟು ತೆರೆದು ನೋಡಿದರೆ ಕಾಗದವೂ ಶಾಯಿಯೂ ತಾವೇ ಸಾಕ್ಷಿ ನುಡಿಯುವುವು.

ಹಿಂದಿನವರಿಗೆ ಈ ವಿವೇಕವು ಹೊಸದಾಗಿರಲಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಕಪ್ಪನ್ನೂ ಬಳಿದು ಒಣಗಿಸಿ, ಬಳಪವು ಹಿಡಿಯುವಂತೆ ಹದಮಾಡಿ ಕಡತವನ್ನು ಸಿದ್ಧಪಡಿಸುತ್ತಿದ್ದರು. ಬರೆಯುವುದಕ್ಕಿಂತ ಮೊದಲು ಬರೆಹವನ್ನು ಹೊರುವ ಮೈಯನ್ನು ಯೋಚಿಸುತ್ತಿದ್ದರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಅಚ್ಚುಹಾಕಿಸಿದುದು ಒಂದು ತಾಳೆಗರಿಯ ಪ್ರತಿಯ ಆಧಾರದಿಂದ. ಆ ಗರಿಯನ್ನು ಹದಮಾಡಿ ಕೊರೆದ ಲಿಪಿಕಾರನು ಶಾಸ್ತ್ರಿಗಳನ್ನು ಕಾಣಲಿಲ್ಲ. ಕಾಣದವನಿಗಾಗಿ ಆತನು ತನ್ನ ಕೆಲಸವನ್ನು ಸರಿಯಾಗಿ ಮಾಡಿದನು.

ಪಿತೃಋಣವು ಸಂತಾನದಿಂದ ತೀರುವುದೆಂದು ಶಾಸ್ತ್ರವು ಹೇಳುತ್ತದೆ. ಅದರ ತಾತ್ಪರ್ಯವನ್ನು ಗಮನಿಸಬೇಕು. ಹಿಂದಿನವರಿಂದ ಪಡೆದುದನ್ನು ಹಿಂದಿನವರಿಗೆ ಮರಳಿ ಕೊಡಲಾಗದು; ಅವರು ಆ ಋಣವನ್ನು ವಸೂಲು ಮಾಡುವ ಅಧಿಕಾರವನ್ನು ಮುಂದೆ ಬರುವವರಿಗೆ ಬಿಟ್ಟುಹೋಗಿದ್ದಾರೆ. ಅಂಗಡಿಯ ಮುಂದೆ ಎರಡು ಹಾಳೆಗಳನ್ನು ಹಿಡಿದು ನಿಂತ ಮಗನು ತನ್ನ ತಾಯಿಗಾಗಿ ಆರಿಸುತ್ತಿರುವೆನೆಂದು ತಿಳಿದಿರಬಹುದು. ಆತನು ಆರಿಸುತ್ತಿರುವುದು ಇನ್ನೂ ಹುಟ್ಟದ ಮರಿಮೊಮ್ಮಗಳಿಗಾಗಿ. ಅವಳು ಒಂದು ದಿನ ಆ ಗೋಡೆಯ ಕೆಳಗೆ ನಿಂತು, ತನ್ನ ಮೂಗು ಯಾರದೆಂದು ಕೇಳುವಳು. ಆಗ ಗೋಡೆಯು ನಿಜವನ್ನು ಹೇಳಬೇಕು.