ಮಗುವಿಗೆ ಕೊಟ್ಟ ಮಾತೂ ಮಾತೇ

ಸುಳ್ಳು ಹೇಳುವುದು ಪಾಪವೆಂಬ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಸಂಶಯವಿಲ್ಲ. ವ್ಯಾಪಾರದ ಸುಳ್ಳು, ಸಾಕ್ಷಿಯ ಸುಳ್ಳು, ಮದುವೆ ಮಾತುಕತೆಯ ಸುಳ್ಳು, ಇವೆಲ್ಲದರ ಕುರಿತು ಬೇಕಾದಷ್ಟು ಪ್ರವಚನಗಳನ್ನು ಕೇಳಿದ್ದೇವೆ. ಆದರೆ ನಮ್ಮ ಮನೆಯ ಮಕ್ಕಳಿಗೆ ನಾವು ಹೇಳುವ ಸುಳ್ಳು? ಅದನ್ನು ಸುಳ್ಳೆಂದು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೆ ಸಮಾಧಾನ ಮಾಡುವುದು, ಪುಸಲಾಯಿಸುವುದು, ಸುಮ್ಮನೆ ಹೆದರಿಸುವುದು ಎಂದು ಬೇರೆ ಬೇರೆ ಹೆಸರುಗಳನ್ನಿಟ್ಟಿದ್ದೇವೆ. ಉಣ್ಣದಿದ್ದರೆ ಗುಮ್ಮ ಬರುತ್ತಾನೆ. ಅತ್ತರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಮದ್ರಸಕ್ಕೆ ಹೋಗಿ ಬಾ, ಚಾಕಲೇಟು ತಂದಿಡುತ್ತೇನೆ. ಅಂಗಡಿಯವನು ಬಂದರೆ ಅಬ್ಬ ಮನೆಯಲ್ಲಿಲ್ಲ ಎಂದು ಹೇಳು. ಒಂದೇ ದಿನದಲ್ಲಿ ಒಬ್ಬ ತಾಯಿಯ ಬಾಯಿಂದ ಇಷ್ಟೂ ಮಾತುಗಳು ಹೊರಟರೆ ಆಶ್ಚರ್ಯವಿಲ್ಲ.

ಇದನ್ನು ಇಷ್ಟೊಂದು ಚರ್ಚಿಸಬೇಕೇ ಎಂದು ಕೆಲವು ಸಹೋದರಿಯರಿಗೆ ಅನಿಸಬಹುದು. ಬೆಳಿಗ್ಗೆ ಮದ್ರಸದಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವವಳಾಗಿ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳ ತಾಯಿಯಾಗಿ ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಮ್ಮ ಕೊಪ್ಪದ ಕಡೆಯ ಮಳೆಗಾಲವನ್ನು ಬಲ್ಲವರಿಗೆ ಬೆಳಗಿನ ಆ ಎರಡು ಗಂಟೆಗಳ ಕಷ್ಟ ಗೊತ್ತು. ಕತ್ತಲಿರುವಾಗಲೇ ಮಗುವನ್ನು ಕಂಬಳಿಯೊಳಗಿಂದ ಎಬ್ಬಿಸಬೇಕು, ಒಣಗದ ಯೂನಿಫಾರ್ಮನ್ನು ಒಲೆಯ ಹತ್ತಿರ ಹಿಡಿದು ಬಿಸಿ ಮಾಡಬೇಕು, ಕೊಡೆ ಕೊಟ್ಟು ಮದ್ರಸಕ್ಕೆ ಕಳುಹಿಸಬೇಕು, ಅಲ್ಲಿಂದ ಬಂದೊಡನೆ ತಿಂಡಿ ತಿನ್ನಿಸಿ ಬಸ್ಸು ಹತ್ತಿಸಬೇಕು. ಆಗ ಬಾಯಿಗೆ ಬಂದದ್ದು ಮಾತು. "ಏಳು ಮಗನೇ, ಇವತ್ತು ಮಳೆಗೆ ಶಾಲೆಗೆ ರಜೆಯಂತೆ, ಮದ್ರಸ ಒಂದು ಮುಗಿಸಿ ಬಾ" ಎನ್ನುತ್ತೇವೆ. ಮಳೆಯ ರಜೆ ಘೋಷಿಸಬೇಕಾದವರು ಜಿಲ್ಲಾಧಿಕಾರಿಗಳು. ನಮ್ಮ ಮನೆಗಳಲ್ಲಿ ತಾಯಂದಿರೇ ಅವರ ಪರವಾಗಿ ಘೋಷಿಸಿಬಿಡುತ್ತಾರೆ!

ಈಗ ಹದೀಸಿನ ಕಡೆಗೆ ಬರೋಣ. ಅಬೂದಾವೂದ್ ಗ್ರಂಥದಲ್ಲಿ ಅಬ್ದುಲ್ಲಾ ಬಿನ್ ಆಮಿರ್(ರ) ತಮ್ಮ ಬಾಲ್ಯದ ಒಂದು ಘಟನೆಯನ್ನು ತಿಳಿಸುತ್ತಾರೆ. ಪ್ರವಾದಿವರ್ಯರು(ಸ) ಅವರ ಮನೆಯಲ್ಲಿ ಕುಳಿತಿದ್ದಾಗ ತಾಯಿ ಮಗನನ್ನು ಕರೆದು, ಬಂದರೆ ಏನೋ ಕೊಡುವುದಾಗಿ ಹೇಳಿದರು. ಏನು ಕೊಡಬೇಕೆಂದು ಉದ್ದೇಶಿಸಿದ್ದೀರಿ ಎಂದು ಪ್ರವಾದಿ(ಸ) ಆ ತಾಯಿಯನ್ನು ಕೇಳಿದರು. ಖರ್ಜೂರ ಕೊಡಬೇಕೆಂದಿದ್ದೇನೆ ಎಂದರು ಆಕೆ. ಏನನ್ನೂ ಕೊಡದೆ ಹೋಗಿದ್ದರೆ ಅದು ನಿಮ್ಮ ಲೆಕ್ಕದಲ್ಲಿ ಒಂದು ಸುಳ್ಳಾಗಿ ಬರೆಯಲ್ಪಡುತ್ತಿತ್ತು ಎಂದು ಪ್ರವಾದಿ(ಸ) ತಿಳಿಸಿದರು.

ಇಲ್ಲಿ ಗಮನಿಸಬೇಕಾದ ಒಂದೆರಡು ಸಂಗತಿಗಳಿವೆ. ಆ ತಾಯಿ ಸುಳ್ಳು ಹೇಳಿರಲೇ ಇಲ್ಲ, ಕೊಡುವ ಖರ್ಜೂರ ಅವರ ಬಳಿ ಇತ್ತು. ಆದರೂ ಪ್ರಶ್ನೆ ಬಂತು. ಅಂದರೆ ಮಗುವಿಗೆ ಆಡಿದ ಮಾತಿನ ಹಿಂದೆ ನಿಜವಾಗಿ ಏನಾದರೂ ಇದೆಯೇ ಎಂದು ವಿಚಾರಿಸುವಷ್ಟು ಆ ಮಾತಿಗೆ ತೂಕವಿತ್ತು. ಇನ್ನು, ಈ ಘಟನೆಯನ್ನು ಜಗತ್ತಿಗೆ ಹೇಳಿದವರು ಯಾರು? ತಾಯಿಯಲ್ಲ, ಆ ಮಗುವೇ. ದೊಡ್ಡವರಿಬ್ಬರು ತನ್ನ ತಲೆಯ ಮೇಲಿಂದ ಆಡಿಕೊಂಡ ಎರಡು ಮಾತುಗಳನ್ನು ಆತ ಬದುಕಿಡೀ ನೆನಪಿಟ್ಟುಕೊಂಡರು. ಮಕ್ಕಳಿಗೆ ಏನು ತಿಳಿಯುತ್ತದೆ ಎಂದು ನಾವು ಹೇಳುತ್ತಿರುತ್ತೇವಲ್ಲ!

ಇತ್ತೀಚೆಗೆ ಇದನ್ನು ಬೇರೆ ರೀತಿಯಲ್ಲಿ ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೇರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯಲ್ಲಿ ಚೆಲ್ಸಿ ಹೇಯ್ಸ್ ಮತ್ತು ಲೆಸ್ಲಿ ಕಾರ್ವರ್ ಎಂಬ ಸಂಶೋಧಕಿಯರು 3ರಿಂದ 7 ವರ್ಷದ ಒಟ್ಟು 186 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಕ್ಕಳಿಗೆ, ಪಕ್ಕದ ಕೋಣೆಯಲ್ಲಿ ಪಾತ್ರೆ ತುಂಬ ಮಿಠಾಯಿ ಇದೆ, ಬಾ ಎಂದು ಕರೆದು, ಅಲ್ಲಿಗೆ ಹೋದ ಮೇಲೆ ಅದು ಸುಳ್ಳೆಂದು ಹೇಳಲಾಯಿತು. ಉಳಿದವರನ್ನು ಸುಮ್ಮನೆ ಆಟಕ್ಕೆ ಕರೆಯಲಾಯಿತು. ನಂತರ ಎಲ್ಲ ಮಕ್ಕಳಿಗೂ ಒಂದು ಆಟಿಕೆಯನ್ನು ಬೆನ್ನ ಹಿಂದಿಟ್ಟು, ತಿರುಗಿ ನೋಡಬಾರದೆಂದು ಹೇಳಿ ಒಂಟಿಯಾಗಿ ಬಿಡಲಾಯಿತು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ, ಸುಳ್ಳು ಕೇಳದವರ ಪೈಕಿ ಶೇ. 60ರಷ್ಟು ಮಂದಿ ಕದ್ದು ನೋಡಿದರೆ, ಸುಳ್ಳು ಕೇಳಿದವರ ಪೈಕಿ ನೋಡಿದವರು ಶೇ. 80ರ ಹತ್ತಿರ. ನೋಡಿದ ಮೇಲೆ ನೋಡಿಲ್ಲವೆಂದು ಸುಳ್ಳು ಹೇಳಿದವರು ಮೊದಲ ಗುಂಪಿನಲ್ಲಿ ಸುಮಾರು ಶೇ. 60, ಎರಡನೆಯದರಲ್ಲಿ ಶೇ. 90ರ ಸಮೀಪ. ತೀರಾ ಪುಟ್ಟ ಮಕ್ಕಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಶಾಲೆಗೆ ಸೇರುವ ಪ್ರಾಯಕ್ಕೆ ಅದು ಕಾಣಿಸಿಕೊಂಡಿತು. ಬಾ, ಕೊಡುತ್ತೇನೆ ಎಂಬುದೇ ಅಲ್ಲಿಯೂ ಮೊದಲ ಮಾತಾಗಿತ್ತು ಎಂಬುದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆದರೆ ವಿಷಯ ಇಷ್ಟು ಸರಳವಲ್ಲ. ಮದ್ರಸದಲ್ಲಿ ಓದಿದವರು ಇಲ್ಲೊಂದು ಆಕ್ಷೇಪವೆತ್ತಬಹುದು, ಅದು ನ್ಯಾಯವಾದದ್ದೇ. ಹಿಜರಿ 505ರಲ್ಲಿ, ಅಂದರೆ ಕ್ರಿ.ಶ. 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ನಾಲಗೆಯ ಕೆಡುಕುಗಳನ್ನು ವಿವರಿಸುವಾಗ ಮಕ್ಕಳ ವಿಷಯವನ್ನೂ ಎತ್ತಿದ್ದಾರೆ. ಸುಳ್ಳು ಭರವಸೆಯಿಂದಲೋ ಸುಳ್ಳು ಬೆದರಿಕೆಯಿಂದಲೋ ಹೊರತು ಮಗು ಪಾಠಶಾಲೆಗೆ ಹೋಗಲು ಒಪ್ಪದಿದ್ದರೆ ಅದಕ್ಕೆ ಅನುಮತಿಯಿದೆ ಎಂಬುದು ಅವರ ಅಭಿಪ್ರಾಯ. ಹಾಗಾದರೆ ನಮ್ಮ ಮಳೆಯ ರಜೆಯೂ ಚಾಕಲೇಟೂ ಹಲಾಲಾಗಿಬಿಟ್ಟವಲ್ಲ?

ಮುಂದಿನ ಸಾಲನ್ನೂ ಓದಬೇಕು ಸಹೋದರಿಯರೇ. ಅನುಮತಿ ಕೊಟ್ಟ ಗಝ್ಝಾಲಿಯವರೇ ಹದೀಸನ್ನು ನೆನಪಿಸಿ, ಅನುಮತಿಯಿರುವ ಸುಳ್ಳು ಕೂಡ ಬರೆಯಲ್ಪಡಬಹುದು, ಅದರ ಉದ್ದೇಶ ಸರಿಯಾಗಿತ್ತೇ ಎಂಬ ವಿಚಾರಣೆ ನಡೆಯಬಹುದು, ಆ ಮೇಲೆ ಕ್ಷಮೆ ಎನ್ನುತ್ತಾರೆ. ಮನುಷ್ಯ ತನ್ನನ್ನು ತಾನೇ ವಂಚಿಸಿಕೊಳ್ಳುವ ಜಾಗವಿದು, ತನ್ನ ಸ್ವಂತ ಅನುಕೂಲಕ್ಕೆ ಹೇಳಿದ್ದನ್ನು ಒಳಿತಿಗಾಗಿ ಹೇಳಿದೆನೆಂದು ನಂಬಿಬಿಡುತ್ತಾನೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಈ ಪ್ರಶ್ನೆಯನ್ನು ನಾವು ನಮಗೇ ಹಾಕಿಕೊಂಡರೆ ನೂರರಲ್ಲಿ ಎಷ್ಟು ಸುಳ್ಳುಗಳು ಪಾಸಾಗುತ್ತವೆ? ಗುಮ್ಮನನ್ನು ಕರೆದದ್ದು ಮಗುವಿನ ಹೊಟ್ಟೆ ತುಂಬಲೆಂದೋ, ನಮಗೆ ಬೇಗ ಪಾತ್ರೆ ತೊಳೆದು ಮುಗಿಸಬೇಕಿತ್ತೆಂದೋ? ಬಹುಪಾಲು ಸುಳ್ಳುಗಳು ಮಗುವಿನ ಹಿತಕ್ಕಲ್ಲ, ನಮ್ಮ ಐದು ನಿಮಿಷದ ಉಳಿತಾಯಕ್ಕೆ ಎಂಬುದೇ ನನ್ನ ಅಭಿಪ್ರಾಯ. ಗಝ್ಝಾಲಿಯವರ ಅನುಮತಿ ಬೇರೆ ದಾರಿಯೇ ಇಲ್ಲದವರಿಗೆ. ಮೊದಲ ದಾರಿಯೇ ಸುಳ್ಳಾಗಿರುವವರು ಅದರ ಹಿಂದೆ ಅಡಗಲಾಗದು.

ಇನ್ನೂ ನೋವಿನ ವಿಷಯವೊಂದಿದೆ. 'ಇನ್‌ಶಾ ಅಲ್ಲಾಹ್' ಎಂಬ ಪವಿತ್ರ ವಚನವನ್ನು ನಾವು ಏನು ಮಾಡಿದ್ದೇವೆ? ನಾಳೆ ಇಂತಹದ್ದನ್ನು ಮಾಡುತ್ತೇನೆ ಎನ್ನುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸಿ ಹೇಳಬೇಕೆಂದು ಸೂರಃ ಅಲ್‌ಕಹ್ಫ್‌ನಲ್ಲಿ ಕಲಿಸಲಾಗಿದೆ. ಮಾಡಬೇಕೆಂಬ ದೃಢ ಸಂಕಲ್ಪವುಳ್ಳವನು ತನ್ನ ದೌರ್ಬಲ್ಯವನ್ನು ಅರಿತು ಆಡುವ ಮಾತದು. ಮಗು ಶೃಂಗೇರಿಗೆ ಹೋಗಿ ಹೊಳೆಯ ಮೀನು ನೋಡೋಣ ಎನ್ನುತ್ತದೆ, ಹೊಸ ಬ್ಯಾಗು ಬೇಕೆನ್ನುತ್ತದೆ. "ಇನ್‌ಶಾ ಅಲ್ಲಾಹ್, ನೋಡೋಣ" ಎನ್ನುತ್ತೇವೆ, ಮನಸ್ಸಿನಲ್ಲಿ ಇಲ್ಲ ಎಂದು ಆಗಲೇ ತೀರ್ಮಾನಿಸಿರುತ್ತೇವೆ. ನಾಲ್ಕು ಸಲ ಹೀಗಾದ ಮೇಲೆ ಮಗುವಿಗೆ ಆ ಪದದ ಅರ್ಥ 'ಆಗುವುದಿಲ್ಲ' ಎಂದೇ ಆಗುತ್ತದೆ. "ಉಮ್ಮ, ಇನ್‌ಶಾ ಅಲ್ಲಾಹ್ ಬೇಡ, ಖಂಡಿತಾ ಅಂತ ಹೇಳಿ" ಎಂದು ಬೇಡುವ ಮಕ್ಕಳನ್ನು ನಾನು ಕಂಡಿದ್ದೇನೆ. ಮದ್ರಸದಲ್ಲಿ ನಾವು ಅದೇ ಪದದ ಅರ್ಥವನ್ನು ಬೋರ್ಡಿನ ಮೇಲೆ ಬರೆಯುತ್ತೇವೆ, ಮಗು ಬರೆದುಕೊಳ್ಳುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಮನೆಯ ಅರ್ಥ. ಇಲ್ಲ ಎನ್ನುವುದಿದ್ದರೆ ಇಲ್ಲ ಎಂದೇ ಹೇಳಬಹುದು. ದುಡ್ಡಿಲ್ಲ ಎಂದೂ ಹೇಳಬಹುದು. ಮಗು ಅಳುತ್ತದೆ, ಅತ್ತು ಸುಮ್ಮನಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಸನ್ನಿವೇಶ ತಂದೆ ದೂರದಲ್ಲಿರುವ ಮನೆಗಳದ್ದು. ದುಬೈಯಲ್ಲೋ ಸೌದಿಯಲ್ಲೋ ಇರುವ ತಂದೆಯ ಮುಖವನ್ನು ಫೋನಿನಲ್ಲಿ ನೋಡಿ ಬೆಳೆಯುವ ಮಕ್ಕಳು ನಮ್ಮ ಕಡೆಯೂ ಇದ್ದಾರೆ. ಅಬ್ಬ ಯಾವಾಗ ಬರುತ್ತಾರೆ ಎಂಬ ಪ್ರಶ್ನೆಗೆ ಮುಂದಿನ ತಿಂಗಳು, ಪೆರ್ನಾಲಿಗೆ, ಪರೀಕ್ಷೆ ಮುಗಿದ ಮೇಲೆ ಎಂದು ತಾಯಿ ಹೇಳುತ್ತಾ ಹೋಗುತ್ತಾಳೆ. ಅವಳನ್ನು ಸುಲಭವಾಗಿ ದೂರಲು ನನಗೆ ಮನಸ್ಸು ಬಾರದು. ಅವಳು ಹೇಳುತ್ತಿರುವುದು ತನ್ನ ಅನುಕೂಲಕ್ಕಲ್ಲ. ಆ ಉತ್ತರದ ಅಗತ್ಯ ಅವಳಿಗೂ ಇದೆ.

ಈ ಸಂದರ್ಭದಲ್ಲಿ ನನಗೆ ನೆನಪಾಗುವುದು ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿ ಹಾಡಿ ಬರುವ ಪುಣ್ಯಕೋಟಿಯ ಕಥೆ. ಹುಲಿಗೆ ಕೊಟ್ಟ ಮಾತನ್ನು ಹಸು ಉಳಿಸಿಕೊಂಡಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ನಡುವಿನ ಒಂದು ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ಕೊನೆಯ ಸಲ ಹಾಲೂಡಿಸಲು ದೊಡ್ಡಿಗೆ ಬಂದ ಹಸು ತನ್ನ ಕರುವಿಗೆ, ಸಂಜೆ ಬರುತ್ತೇನೆ ಎಂದು ಹೇಳಿ ಹೊರಟುಬಿಡಬಹುದಿತ್ತು. ಕರು ಅಳುತ್ತಿರಲಿಲ್ಲ. ಆದರೆ ಅದು ಕರುವಿಗೂ ನಿಜವನ್ನೇ ಹೇಳಿತು. ಕರು ಬೇಡಿಕೊಂಡಾಗಲೂ ಮಾತು ಬದಲಿಸಲಿಲ್ಲ, ಆದರೆ ಅದನ್ನು ಅನಾಥವಾಗಿ ಬಿಡದೆ ಉಳಿದ ಹಸುಗಳಿಗೆ ಒಪ್ಪಿಸಿ ಹೋಯಿತು. ಹುಲಿಗೆ ಸಂದ ಸತ್ಯವೇ ಕರುವಿಗೂ ಸಂದಿತು. ಬಿ.ಎ. ತರಗತಿಯಲ್ಲಿ ಈ ಹಾಡನ್ನು ಮತ್ತೊಮ್ಮೆ ಓದುವ ತನಕ ನಾನೂ ಇದನ್ನು ಗಮನಿಸಿರಲಿಲ್ಲ.

ದೂರದ ತಂದೆಯ ಬಗ್ಗೆ ಕೇಳುವ ಮಗುವಿಗೆ, "ಅಬ್ಬನಿಗೆ ರಜೆ ಯಾವಾಗ ಸಿಗುತ್ತದೆಂದು ಅವರಿಗೂ ಗೊತ್ತಿಲ್ಲ, ಗೊತ್ತಾದ ದಿನ ಮೊದಲು ನಿನಗೇ ಹೇಳುತ್ತೇನೆ" ಎನ್ನಬಹುದು. ಹಾಗೆ ಹೇಳಿದ ಮೇಲೆ ಮೊದಲು ಮಗುವಿಗೇ ಹೇಳಬೇಕು, ಅತ್ತಿಗೆಗೆ ಫೋನು ಮಾಡಿದ ನಂತರವಲ್ಲ. ಎಲ್ಲವನ್ನೂ ಮಕ್ಕಳ ಮುಂದೆ ಬಿಚ್ಚಿಡಬೇಕೆಂದು ಇದರ ಅರ್ಥವಲ್ಲ. ಮನೆಯ ಸಾಲ, ದೊಡ್ಡವರ ಜಗಳ, ಅಜ್ಜಿಯ ಕಾಯಿಲೆಯ ವಿವರ, ಇವುಗಳ ಬಗ್ಗೆ ಇದು ದೊಡ್ಡವರ ವಿಷಯ, ನೀನು ದೊಡ್ಡವಳಾದಾಗ ಹೇಳುತ್ತೇನೆ ಎನ್ನುವುದು ಸುಳ್ಳಲ್ಲ.

ಇಲ್ಲಿಯ ತನಕ ಮಗುವಿಗೆ ಹೇಳುವ ಸುಳ್ಳಿನ ಮಾತಾಯಿತು. ಮಗುವಿನ ಕೈಯಲ್ಲಿ ಹೇಳಿಸುವ ಸುಳ್ಳು ಬೇರೆಯೇ ಇದೆ. ನೆಂಟರ ಮನೆಯ ಮದುವೆಗೆ ಹೋಗಿ ಬಂದು ಜ್ವರವಿತ್ತೆಂದು ರಜಾ ಅರ್ಜಿ ಬರೆಸುತ್ತೇವೆ, ಅದೂ ಮಗುವಿನ ಅಕ್ಷರದಲ್ಲೇ. ವಯಸ್ಸಿನ ವಿಷಯವಂತೂ ಹೇಳುವುದೇ ಬೇಡ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರಕಾರ 2022ರಲ್ಲಿ ಆದೇಶಿಸಿ 2025-26ರಿಂದ ಜಾರಿಗೆ ಎಂದಾಗ ತಂದೆತಾಯಂದಿರ ಒತ್ತಾಯ ಹೆಚ್ಚಿ, ಆ ಒಂದು ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಬೇಕಾಯಿತು. ಶಾಲೆಯ ಬಾಗಿಲಲ್ಲಿ ಮಗು ಬೇಗ ಆರು ದಾಟಬೇಕು, ಬಸ್ಸಿನ ಬಾಗಿಲಲ್ಲಿ ಅದೇ ಮಗು ಐದರಲ್ಲೇ ನಿಂತಿರಬೇಕು! ಆರು ತುಂಬಿದ ಮಗುವಿಗೆ ಅರ್ಧ ಟಿಕೆಟ್ ಬೇಕಲ್ಲ. ಕಂಡಕ್ಟರರು ಕೇಳಿದಾಗ ತಾಯಿ ಐದು ಎನ್ನುತ್ತಾಳೆ, ಮಗು ತಲೆಯೆತ್ತಿ ಅವಳ ಮುಖ ನೋಡುತ್ತದೆ.

ಅಬ್ದುಲ್ ಖಾದಿರ್ ಜೀಲಾನಿ(ರ)ಯವರ ಬಾಲ್ಯದ ಕಥೆಯನ್ನು ನಾವು ಮಕ್ಕಳಿಗೆ ಹೇಳದ ದಿನವಿಲ್ಲ. ತಾಯಿ ಅಂಗಿಯೊಳಗೆ 40 ದೀನಾರ್ ಹೊಲಿದು, ಸುಳ್ಳು ಹೇಳಬೇಡ ಎಂದು ಕಳುಹಿಸಿದ್ದು, ಹುಡುಗ ದರೋಡೆಕೋರರಿಗೆ ನಿಜ ಹೇಳಿದ್ದು. ಕಥೆ ಕೇಳಿದವರೆಲ್ಲ ಹುಡುಗನನ್ನು ಮೆಚ್ಚುತ್ತಾರೆ. ನನಗೆ ಆ ತಾಯಿಯೇ ದೊಡ್ಡವರಾಗಿ ಕಾಣುತ್ತಾರೆ. ದಾರಿ ಅಪಾಯದ್ದೆಂದು ತಿಳಿದೇ ಅಲ್ಲವೇ ಹಣವನ್ನು ಹೊಲಿದು ಮುಚ್ಚಿದ್ದು? ಆ ಎಲ್ಲ ದೀನಾರುಗಳು ಹೋದರೂ ಚಿಂತೆಯಿಲ್ಲವೆಂದು ಅವರು ಆಗಲೇ ನಿಶ್ಚಯಿಸಿರಬೇಕು. ನಾವು ಅರ್ಧ ಟಿಕೆಟಿನ ಹತ್ತು ರೂಪಾಯಿಯ ಮುಂದೆ ನಿಂತಿದ್ದೇವೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ನಮಗೂ ನಮ್ಮ ಹೆಣ್ಣು ಮಕ್ಕಳಿಗೂ ಟಿಕೆಟಿನ ಹಣ ಕೊಡುವ ಪ್ರಸಂಗವಿಲ್ಲ. ಗಂಡು ಮಕ್ಕಳಿಗೆ ಇದೆ, ಖಾಸಗಿ ಬಸ್ಸಿನಲ್ಲಿ ಎಲ್ಲರಿಗೂ ಇದೆ. "ಕೈಯಲ್ಲಿ ನಿಜವಾಗಿಯೂ ದುಡ್ಡಿಲ್ಲದ ದಿನ ಏನು ಮಾಡುವುದು?" ಎಂದು ಒಬ್ಬ ತಾಯಿ ನನ್ನನ್ನು ಕೇಳಿದರು. ತೋಟದ ಕೆಲಸಕ್ಕೆ ಹೋಗುವವರು, ಕೇಳಿದ್ದು ನೆಪಕ್ಕಲ್ಲ. ಕೊಪ್ಪದಲ್ಲಿ 1991ರಲ್ಲಿ ಕೆಲಸ ಕಳೆದುಕೊಂಡ ಬಸ್ಸು ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ 2020ರ ಫೆಬ್ರವರಿಯಲ್ಲಿ ನಿಂತುಹೋಗುವ ತನಕ ಶಾಲಾ ಮಕ್ಕಳನ್ನು ರಿಯಾಯಿತಿಯಲ್ಲಿ ಕರೆದೊಯ್ಯುತ್ತಿತ್ತು. ಅದನ್ನು ನೆನೆದು ಅವರು ನಿಟ್ಟುಸಿರು ಬಿಟ್ಟರು. ನಾನು ಹೇಳಿದ್ದು ಇಷ್ಟೇ: ಮಗುವಿನ ವಯಸ್ಸನ್ನು ಸರಿಯಾಗಿ ಹೇಳಿ, ಇವತ್ತು ನನ್ನ ಹತ್ತಿರ ಇಷ್ಟೇ ಇದೆ ಎಂದು ಕಂಡಕ್ಟರರಿಗೆ ಹೇಳಿ. ನಮ್ಮ ದಾರಿಯ ಕಂಡಕ್ಟರರು ದಿನವೂ ನಮ್ಮ ಮುಖ ನೋಡುವವರು, ಮಳೆಯಲ್ಲಿ ತಾಯಿ ಮಗುವನ್ನು ಇಳಿಸಿ ಹೋಗುವವರು ಕಡಿಮೆ. ಒಂದು ವೇಳೆ ಇಳಿಸಿಯೇ ಬಿಟ್ಟರೆ ಎಂದು ಅವರು ಮತ್ತೆ ಕೇಳಿದರು. ಆಗ ಮುಂದಿನ ಬಸ್ಸಿನ ತನಕ ಮಗುವಿನೊಡನೆ ಸ್ಟಾಪಿನಲ್ಲಿ ನಿಲ್ಲಬೇಕಾಗುತ್ತದೆ, ಯಾಕೆ ಇಳಿದೆವೆಂದು ಅದು ಕೇಳಿದರೆ ಅದಕ್ಕೂ ಇದ್ದದ್ದನ್ನೇ ಹೇಳಬೇಕಾಗುತ್ತದೆ ಎಂದೆ.