ಕೊನೆಗೆ ಮುಟ್ಟಿದವನು

ನಮ್ಮ ಮನೆಯ ಟಿವಿ ಕೆಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ. 32 ಇಂಚಿನ ಎಲ್‌ಇಡಿ ಟಿವಿ, ಎಂಟು ವರ್ಷ ಹಳೆಯದು. ರಿಮೋಟ್ ಒತ್ತಿದರೆ ಕೆಂಪು ದೀಪ ಮಿಣುಕುತ್ತಿತ್ತು, ಒಳಗಿನಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಬರುತ್ತಿತ್ತು, ಆಮೇಲೆ ಏನೂ ಇಲ್ಲ. ‘ನಿನ್ನೆ ಸಂಜೆ ಚೆನ್ನಾಗೇ ಇತ್ತಲ್ಲ’ ಎಂದು ಮನೆಯವರೆಲ್ಲ ಅಂದೆವು. ಈ ಮಾತಿನ ಬೆನ್ನಿಗೇ ಬರುವ ಪ್ರಶ್ನೆ ಎಲ್ಲ ಮನೆಗಳಲ್ಲೂ ಒಂದೇ: ಕೊನೆಗೆ ಮುಟ್ಟಿದವರು ಯಾರು?

ಕೊನೆಗೆ ಮುಟ್ಟಿದವನು ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗ. ಏಳನೇ ತರಗತಿಯ ಹುಡುಗ. ಭಾನುವಾರ ಅಮ್ಮನ ಜೊತೆ ಬಂದು, ಆಕೆಯ ಕೆಲಸ ಮುಗಿಯುವ ತನಕ ಕ್ರಿಕೆಟ್ ನೋಡುತ್ತ ಕೂರುತ್ತಿದ್ದ. ಆ ಭಾನುವಾರ ಹೊರಡುವಾಗ ಟಿವಿಯನ್ನು ರಿಮೋಟಿನಲ್ಲಿ ಆರಿಸಿ, ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನೂ ಆರಿಸಿದ್ದ. ನಾವು ಎಂದೂ ಹಾಗೆ ಮಾಡಿದವರಲ್ಲ. ನಮ್ಮ ಟಿವಿಯ ಕೆಂಪು ದೀಪ ಹಗಲೂ ರಾತ್ರಿ ಉರಿಯುತ್ತಲೇ ಇರುತ್ತಿತ್ತು.

ನೋಡಲು ಬಂದ ರಿಪೇರಿಯವನು ಹಿಂದಿನ ಮುಚ್ಚಳವನ್ನೇ ಬಿಚ್ಚಲಿಲ್ಲ. ‘ಬೋರ್ಡ್ ಹೋಗಿದೆ ಸಾರ್. ಯಾರೋ ಮೇನ್ ಆಫ್ ಮಾಡಿ ಆನ್ ಮಾಡಿದ್ದಾರೆ, ಹೊಡೆತ ಬಿದ್ದಿದೆ. ಇದಕ್ಕೆ ದುಡ್ಡು ಹಾಕೋ ಬದಲು ಹೊಸದು ತಗೊಳ್ಳಿ’ ಎಂದು ಹೇಳಿ, ಬಂದು ಹೋದದ್ದಕ್ಕೆ ಮುನ್ನೂರು ರೂಪಾಯಿ ತೆಗೆದುಕೊಂಡು ಹೋದ. ನಮಗೆ ಬೇಕಾಗಿದ್ದ ತೀರ್ಪು ಸಿಕ್ಕಿತ್ತು.

ಸುದ್ದಿ ಆ ತಾಯಿಗೂ ತಿಳಿಯಿತು. ಮಾರನೆಯ ದಿನ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡ್ಕೊಳ್ಳಿ’ ಎಂದಳು. ನಾನು, ‘ಛೆ, ಪರವಾಗಿಲ್ಲ ಬಿಡಮ್ಮ, ಹುಡುಗ, ಗೊತ್ತಾಗದೆ ಮಾಡಿದ್ದಾನೆ’ ಎಂದೆ. ಹೇಳುವಾಗ ನನಗೆ ನನ್ನ ಬಗ್ಗೆಯೇ ಒಳ್ಳೆಯ ಅಭಿಪ್ರಾಯ ಮೂಡಿತ್ತು. ಮುಂದಿನ ಭಾನುವಾರ ಹುಡುಗ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಹೊಸದು ಕೊಳ್ಳುವ ಮನಸ್ಸಾಗದೆ ಟಿವಿಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿರುವ ಹಿರಿಯ ಮೆಕ್ಯಾನಿಕ್ ಒಬ್ಬರ ಅಂಗಡಿಗೆ ಒಯ್ದೆ. ವಾಲ್ವ್ ರೇಡಿಯೋ ಕಾಲದಿಂದ ಕೆಲಸ ಮಾಡಿದವರು. ‘ಕೂತ್ಕೊಳ್ಳಿ, ನೋಡೋಣ’ ಎಂದರು. ‘ಇದು ಹೋಗಿದೆ’ ಎಂದು ಮೊದಲೇ ಹೇಳಲಿಲ್ಲ.

ಅವರು ಮೊದಲು ಮಾಡಿದ ಕೆಲಸ ನನಗೆ ವಿಚಿತ್ರವಾಗಿ ಕಂಡಿತು. ಪ್ಲಗ್ ಹಾಕಿ ತೆಗೆದಿದ್ದ ಬೋರ್ಡಿನ ಮೇಲಿದ್ದ ದಪ್ಪ ಕೆಪಾಸಿಟರಿನ ಎರಡು ಕಾಲುಗಳಿಗೆ ಒಂದು ಹಳೆ ಬಲ್ಬಿನ ವೈರು ಮುಟ್ಟಿಸಿದರು. ಬಲ್ಬು ಒಮ್ಮೆ ಮಿಂಚಿ ಆರಿತು. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಈ ಬೋರ್ಡಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಆ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದಂತೆ. ‘ಪ್ಲಗ್ ಕಿತ್ತ ಮೇಲೂ ಇದು ಹೊಡೆಯುತ್ತೆ. ಕಾರಣ ಹುಡುಕೋ ಮೊದಲು ಕೈ ಉಳಿಸ್ಕೋಬೇಕು’ ಎಂದರು. ಆಮೇಲೆ ಫ್ಯೂಸ್ ನೋಡಿದರು, ಸರಿಯಾಗಿತ್ತು. ಟಿವಿಗೆ ನೇರವಾಗಿ ಕರೆಂಟ್ ಕೊಡದೆ ನಡುವೆ ಒಂದು ನೂರು ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಇಟ್ಟರು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತಲೇ ನಿಲ್ಲುತ್ತದೆ, ಬೋರ್ಡು ಸುಡುವುದಿಲ್ಲ. ಅದು ಒಂದು ಕ್ಷಣ ಬೆಳಗಿ ಮಂಕಾಯಿತು. ಶಾರ್ಟ್ ಇಲ್ಲ. 325 ವೋಲ್ಟ್ ಇದೆ. ಆದರೆ ಯಾವಾಗಲೂ 5 ವೋಲ್ಟ್ ಇರಬೇಕಾದ ಸ್ಟ್ಯಾಂಡ್‌ಬೈ ಜಾಗದಲ್ಲಿ ಮೀಟರಿನ ಅಂಕಿ ಮೂರು, ನಾಲ್ಕು, ಮತ್ತೆ ಮೂರು ಎಂದು ಕುಣಿಯುತ್ತಿತ್ತು.

ಇಲ್ಲಿ ಅವರು ಪವರ್ ಸಪ್ಲೈ ಕೆಟ್ಟಿದೆ ಎಂದುಬಿಡಬಹುದಿತ್ತು. ಅನ್ನಲಿಲ್ಲ. ಮೇನ್ ಬೋರ್ಡಿಗೆ ಹೋಗುವ ಕೇಬಲ್ ಕಿತ್ತರು. ಬೇರೆ ಬೋರ್ಡಿನಲ್ಲಿ ದೋಷವಿದ್ದು, ಅದು ಮಿತಿಮೀರಿ ಕರೆಂಟ್ ಎಳೆದರೂ ಸಪ್ಲೈ ತನ್ನನ್ನು ಉಳಿಸಿಕೊಳ್ಳಲು ಹೀಗೇ ಮುಚ್ಚಿಕೊಳ್ಳುತ್ತದೆ. ಪರದೆಯ ಹಿಂದಿನ ಎಲ್‌ಇಡಿ ಪಟ್ಟಿಯಲ್ಲಿ ಒಂದೇ ಒಂದು ದೀಪ ಕೆಟ್ಟರೂ ಹಾಗೆ ಆಗಬಹುದು: ಚಿತ್ರ ಒಂದು ಕ್ಷಣ ಬಂದು ಕತ್ತಲಾಗುತ್ತದೆ, ಟಾರ್ಚ್ ಬಿಟ್ಟು ನೋಡಿದರೆ ಚಿತ್ರ ಮಂಕಾಗಿ ಇದ್ದೇ ಇರುತ್ತದೆ. ‘ಸುಮ್ಮನಾದ ಬೋರ್ಡೇ ಕೆಟ್ಟ ಬೋರ್ಡು ಅಂತ ಇಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತೆ’ ಎಂದರು. ಕೇಬಲ್ ಕಿತ್ತ ಮೇಲೂ ಅಂಕಿ ಕುಣಿಯುತ್ತಲೇ ಇತ್ತು. ಹಾಗಾದರೆ ದೋಷ ಸಪ್ಲೈಯದೇ.

ಕೇಬಲ್ ಮತ್ತೆ ಸಿಕ್ಕಿಸಿ, ಡ್ರಾಯರಿನಿಂದ ಕೂದಲು ಒಣಗಿಸುವ ಡ್ರೈಯರ್ ತೆಗೆದರು. 5 ವೋಲ್ಟಿನ ಪಕ್ಕದ ಎರಡು ಸಣ್ಣ ಕೆಪಾಸಿಟರುಗಳ ಮೇಲೆ ಬಿಸಿಗಾಳಿ ಬಿಟ್ಟರು. ಒಂದೆರಡು ನಿಮಿಷದಲ್ಲಿ ಅಂಕಿ ಮೇಲೇರಿ 5ರಲ್ಲಿ ನಿಂತಿತು. ಟಿವಿ ಬೆಳಗಿತು. ಆರಿಸಿ, ತಣ್ಣಗಾಗಲು ಬಿಟ್ಟು ಮತ್ತೆ ಹಾಕಿದರು. ಬೆಳಗಲಿಲ್ಲ.

‘ನೋಡಿ, ಇದರ ಹೊಟ್ಟೆ ಉಬ್ಬಿದೆ.’ ಒಂದು ಕೆಪಾಸಿಟರಿನ ಚಪ್ಪಟೆ ತಲೆ ಸ್ವಲ್ಪ ಗುಮ್ಮಟವಾಗಿತ್ತು. ಒಳಗಿನ ದ್ರವ ವರ್ಷಗಟ್ಟಲೆ ಕಾದು ಒಣಗುತ್ತದೆ, ಒಣಗಿದಂತೆ ಒಳಗಿನ ತಡೆ ಹೆಚ್ಚುತ್ತದೆ. ತಣ್ಣಗಿದ್ದಾಗ ಆ ತಡೆ ಇನ್ನೂ ಹೆಚ್ಚು. ಸದಾ ಕರೆಂಟಿನಲ್ಲಿದ್ದು ಬೆಚ್ಚಗಿದ್ದಷ್ಟು ದಿನ ಹೇಗೋ ದೂಡುತ್ತಿತ್ತು. ಒಂದು ರಾತ್ರಿ ಪೂರ್ತಿ ಆರಿ ತಣ್ಣಗಾಗಿದ್ದೇ ತಡ, ಮತ್ತೆ ಏಳಲಿಲ್ಲ. ‘ರಾತ್ರಿಯೆಲ್ಲ ಕರೆಂಟ್ ಹೋದ ಮಾರನೇ ದಿನ ನನ್ನ ಅಂಗಡಿ ತುಂಬುತ್ತೆ. ಎಲ್ಲಾರೂ ಕರೆಂಟಿನವರಿಗೆ ಬೈತಾ ಬರ್ತಾರೆ.’ ಕೆಲವೇ ರೂಪಾಯಿಯ ಎರಡು ಕೆಪಾಸಿಟರ್, ಅವರ ಮಜೂರಿ. ಟಿವಿ ಸರಿಯಾಯಿತು.

ಮನೆಗೆ ಬರುವಾಗ ದಾರಿಯಲ್ಲೇ ನನಗೆ ಕಸಿವಿಸಿ ಶುರುವಾಯಿತು. ಹುಡುಗನಿಗೆ ‘ನಿನ್ನಿಂದ ಆಗಿದ್ದಲ್ಲ’ ಎಂದು ಹೇಳಬೇಕು. ಆದರೆ ಅದು ನಿಜವೇ? ಅವನು ಸ್ವಿಚ್ ಆರಿಸದಿದ್ದರೆ ಆ ಸೋಮವಾರ ಟಿವಿ ಬಹುಶಃ ಹತ್ತುತ್ತಿತ್ತು. ಅವನ ಕೈ ಆ ಸರಪಳಿಯಲ್ಲಿ ಇದ್ದೇ ಇದೆ. ಮುಚ್ಚಳ ಬಿಚ್ಚದ ರಿಪೇರಿಯವನು ಹೇಳಿದ್ದರಲ್ಲೂ ಒಂದು ಎಳೆ ಸರಿಯಿತ್ತಲ್ಲ.

ನಮ್ಮ ನ್ಯಾಯಶಾಸ್ತ್ರದವರು ಕಾರಣವನ್ನು ವಿವರಿಸುವಾಗ ಕುಂಬಾರನ ಕತ್ತೆಯ ಉದಾಹರಣೆ ಕೊಡುತ್ತಾರೆ. ಮಡಕೆಗೆ ಮಣ್ಣು ಕಾರಣ, ಚಕ್ರ ಕಾರಣ, ಅದನ್ನು ತಿರುಗಿಸುವ ಕೋಲು ಕಾರಣ. ಆದರೆ ಮಣ್ಣು ಹೊತ್ತು ತಂದ ಕತ್ತೆ ಮಡಕೆಗಿಂತ ಮೊದಲು ಅಲ್ಲೇ ಇದ್ದರೂ ಕಾರಣವಲ್ಲ, ಏಕೆಂದರೆ ಆ ಕತ್ತೆಯಿಲ್ಲದೆಯೂ ಮಡಕೆ ಆಗುತ್ತದೆ. ಅಂಥದ್ದನ್ನು ಅವರು ‘ಅನ್ಯಥಾಸಿದ್ಧ’ ಎಂದರು. ಮೊದಲೇ ಇತ್ತು ಎಂದಷ್ಟಕ್ಕೇ ಒಂದು ಸಂಗತಿ ಕಾರಣವಾಗುವುದಿಲ್ಲ ಎಂಬ ಈ ಎಚ್ಚರ ದೊಡ್ಡದು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದದ್ದನ್ನು ಕಾಕತಾಳೀಯ ಎಂದು ನಾವು ದಿನವೂ ಅನ್ನುತ್ತೇವೆ. ಆದರೆ ನನ್ನ ಹುಡುಗ ಕತ್ತೆಯೂ ಅಲ್ಲ, ಕಾಗೆಯೂ ಅಲ್ಲ. ಅವನು ಮಾಡಿದ್ದರಿಂದ ನಿಜಕ್ಕೂ ವ್ಯತ್ಯಾಸವಾಗಿತ್ತು. ಅಷ್ಟು ಸುಲಭದ ಬಿಡುಗಡೆ ನನಗೆ ಸಿಗಲಿಲ್ಲ.

1959ರಲ್ಲಿ ಎಚ್.ಎಲ್.ಎ. ಹಾರ್ಟ್ ಮತ್ತು ಟೋನಿ ಆನೊರೆ ಎಂಬ ಇಬ್ಬರು ಆಕ್ಸ್‌ಫರ್ಡಿನ ವಿದ್ವಾಂಸರು ಕಾನೂನಿನಲ್ಲಿ ಕಾರಣ ಎಂದರೇನು ಎಂಬ ಬಗ್ಗೆ ಒಂದು ಪುಸ್ತಕ ಬರೆದರು. ಅವರ ಒಂದು ವಾದ ಇಲ್ಲಿ ಕೆಲಸಕ್ಕೆ ಬರುತ್ತದೆ. ಮನೆಗೆ ಬೆಂಕಿ ಬೀಳಲು ಆಮ್ಲಜನಕವೂ ಬೇಕು, ಆದರೆ ಬೆಂಕಿಗೆ ಆಮ್ಲಜನಕ ಕಾರಣ ಎಂದು ಯಾರೂ ದೂರುವುದಿಲ್ಲ. ಎಂದಿನಂತೆ ಇದ್ದದ್ದನ್ನು ಹಿನ್ನೆಲೆ ಎಂದು ಬಿಟ್ಟು, ಎಂದಿನಂತಲ್ಲದೆ ನಡೆದದ್ದನ್ನು ಕಾರಣ ಎಂದು ಎತ್ತಿಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಆ ಭಾನುವಾರ ಎಂದಿನಂತಲ್ಲದ್ದು ಒಂದೇ: ಗೋಡೆಯ ಸ್ವಿಚ್ ಆರಿದ್ದು.

ಆದರೆ ‘ಎಂದಿನಂತೆ’ ಎಂದರೆ ಯಾರ ಮನೆಯ ಎಂದಿನಂತೆ? ಆ ಹುಡುಗನ ಮನೆಯಲ್ಲಿ ಟಿವಿ ನೋಡಿ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸುವುದೇ ರೂಢಿ, ಮೀಟರ್ ಓಡುತ್ತದೆ ಎಂಬ ಕಾರಣಕ್ಕೆ. ಶಾಲೆಯಲ್ಲೂ ಅದನ್ನೇ ಹೇಳಿಕೊಟ್ಟಿರುತ್ತಾರೆ. ಅವನ ಲೆಕ್ಕದಲ್ಲಿ ಎಂದಿನಂತಲ್ಲದ್ದು, ವರ್ಷಗಟ್ಟಲೆ ಕೆಂಪು ದೀಪ ಉರಿಸಿಕೊಂಡೇ ಇದ್ದ ನಾವು. ಇನ್ನೊಂದು ಸಂಗತಿಯೂ ಇತ್ತು. ಟಿವಿಯನ್ನು ಮರದ ಗೂಡಿನೊಳಗೆ, ಗಾಳಿಯಾಡದಂತೆ, ಬಿಸಿಯಾಗುವ ಸೆಟ್‌ಟಾಪ್ ಬಾಕ್ಸಿನ ಮೇಲೆ ಇಟ್ಟವನು ನಾನು. ಶಾಖ 10 ಡಿಗ್ರಿ ಕಡಿಮೆಯಾದರೆ ಇಂಥ ಕೆಪಾಸಿಟರಿನ ಆಯುಷ್ಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಈ ಕಸುಬಿನವರ ಅಂದಾಜು. ಎಂದರೆ ಎಂಟು ವರ್ಷ ಪ್ರತಿದಿನ ಅದನ್ನು ಒಣಗಿಸಿದವನು ನಾನೇ. ನನ್ನನ್ನು ಯಾರೂ ಕೇಳಲಿಲ್ಲ. ನಿಧಾನವಾಗಿ ಕೆಲಸ ಮಾಡುವ ಕಾರಣಕ್ಕೆ ಇಂಥದ್ದೇ ದಿನ, ಇಂಥದ್ದೇ ಗಂಟೆ ಎಂದಿಲ್ಲದ್ದರಿಂದ ಅದನ್ನು ಮಾಡಿದವರ ಮುಖ ಕಾಣುವುದಿಲ್ಲ. ಕೊನೆಯ ಗಳಿಗೆಗೆ ಮಾತ್ರ ಮುಖವಿರುತ್ತದೆ. ಆ ಮುಖ ಮನೆಯೊಳಗಿನ ಅತ್ಯಂತ ಬಡವನದಾಗಿದ್ದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಇದರಿಂದ ಎಲ್ಲರೂ ಕಾರಣ, ಆದ್ದರಿಂದ ಯಾರದ್ದೂ ತಪ್ಪಲ್ಲ ಎಂಬಲ್ಲಿಗೆ ಹೋಗಲು ನನಗೆ ಇಷ್ಟವಿಲ್ಲ. ಹಾಗೆ ಹೇಳುವವನು ಸಾಮಾನ್ಯವಾಗಿ ಗೂಡು ಮಾಡಿಸಿದವನೇ ಆಗಿರುತ್ತಾನೆ. ಕನ್ನಡದಲ್ಲಿ ಕಾರಣ, ನೆಪ, ತಪ್ಪು ಎಂಬ ಮೂರು ಬೇರೆ ಬೇರೆ ಮಾತುಗಳಿವೆ. ಸಾವಿಗೊಂದು ನೆಪ ಅನ್ನುತ್ತೇವಲ್ಲ, ಹಾಗೆ ಹುಡುಗ ನೆಪವಾದ. ಒಣಗಿದ ಕೆಪಾಸಿಟರ್ ಕಾರಣ. ಗೂಡಿನ ಶಾಖದ ಮಟ್ಟಿಗೆ ನನ್ನದು ಅಜ್ಞಾನವಷ್ಟೇ, ಅದನ್ನು ತಪ್ಪು ಎನ್ನಲಾರೆ. ನನ್ನ ತಪ್ಪು ಇರುವುದು ಬೇರೆ ಕಡೆ: ಮುಚ್ಚಳ ಬಿಚ್ಚುವ ಮೊದಲೇ ನಾನು ಕ್ಷಮಿಸಿಬಿಟ್ಟಿದ್ದೆ. ‘ಪರವಾಗಿಲ್ಲ ಬಿಡು’ ಎಂದಾಗ ‘ನೀನೇ ಮಾಡಿದ್ದು’ ಎಂಬುದನ್ನೂ ಹೇಳಿದ್ದೆ. ಬೈದಿದ್ದರೆ ಆ ತಾಯಿ ‘ನನ್ನ ಮಗ ಏನೂ ಮಾಡಿಲ್ಲ’ ಎಂದು ವಾದಿಸಬಹುದಿತ್ತು. ಕ್ಷಮೆಯ ಎದುರು ವಾದಿಸುವುದು ಹೇಗೆ?

ಮುಂದಿನ ಭಾನುವಾರ ಅವರ ಮನೆಗೇ ಹೋದೆ. ತೆಗೆದಿಟ್ಟುಕೊಂಡಿದ್ದ ಉಬ್ಬಿದ ಕೆಪಾಸಿಟರನ್ನು ಹುಡುಗನ ಕೈಯಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿದೆ, ಡ್ರೈಯರಿನ ವಿಷಯವನ್ನೂ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ: ‘ಹಾಗಾದ್ರೆ ನಾನು ಆಫ್ ಮಾಡ್ದೇ ಇದ್ದಿದ್ರೆ ಹೋಗ್ತಿರ್ಲಿಲ್ವಾ?’

ಇಲ್ಲ ಎಂದು ಸುಳ್ಳು ಹೇಳುವುದು ಸುಲಭವಿತ್ತು. ‘ಅವತ್ತು ಹೋಗ್ತಿರ್ಲಿಲ್ಲ. ಮುಂದಿನ ಸಲ ರಾತ್ರಿಯೆಲ್ಲ ಕರೆಂಟ್ ಹೋದಾಗ ಹೋಗ್ತಿತ್ತು. ನೀನು ಆಫ್ ಮಾಡಿದ್ದು ಸರಿಯಾಗೇ ಇತ್ತು. ಕೆಟ್ಟಿದ್ದು ಅದು, ಕೆಡಿಸಿದ್ದು ಬಹುಮಟ್ಟಿಗೆ ನಾನು. ನೋಡದೆ ನಿನ್ನ ಮೇಲೆ ಹಾಕಿದ್ದೂ ನಾನೇ’ ಎಂದೆ. ಅವನು ತಲೆಯಾಡಿಸಿದ. ತಾಯಿ ‘ಇರ್ಲಿ ಬಿಡಿ ಸಾರ್’ ಎಂದಳು. ಈ ಸಲ ಕ್ಷಮೆ ಕೇಳಿಸಿಕೊಂಡವನು ನಾನು, ಅದರ ತೂಕವೂ ತಿಳಿಯಿತು.

ಗೂಡಿನ ಹಿಂದಿನ ಹಲಗೆ ತೆಗೆಸಿದ್ದೇನೆ. ರಾತ್ರಿ ಗೋಡೆಯ ಸ್ವಿಚ್ಚನ್ನು ನಾನೇ ಆರಿಸುತ್ತೇನೆ, ಬೆಳಿಗ್ಗೆ ಟಿವಿ ಹತ್ತುತ್ತದೆ. ಹುಡುಗ ಮತ್ತೆ ಬರುತ್ತಿದ್ದಾನೆ. ಆದರೆ ಈಗ ಫ್ಯಾನಿನ ಸ್ವಿಚ್ ಮುಟ್ಟುವ ಮೊದಲೂ ಒಮ್ಮೆ ನನ್ನ ಮುಖ ನೋಡುತ್ತಾನೆ. ಅದು ಇನ್ನೂ ರಿಪೇರಿಯಾಗಿಲ್ಲ.