ವಿಳಾಸ ಒಂದು ಕಡೆ, ಉಸಿರು ಒಂದು ಕಡೆ

ವಾಹನದ ಹೊಗೆಗೂ ರೋಗಕ್ಕೂ ಇರುವ ನಂಟನ್ನು ಹುಡುಕುವವರು ಬಹುಕಾಲ ಮನೆಯ ವಿಳಾಸವನ್ನೇ ನೆಚ್ಚಿಕೊಂಡಿದ್ದರು. ಒಬ್ಬನ ಮನೆ ಎಲ್ಲಿದೆಯೋ ಅಲ್ಲಿಯ ಗಾಳಿಯೇ ಅವನು ಕುಡಿದ ಗಾಳಿ ಎಂಬ ಲೆಕ್ಕ. ಮೊಬೈಲ್ ಬಂದು ಈ ಲೆಕ್ಕವನ್ನು ಅಲುಗಾಡಿಸಿತು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಂಐಟಿಯ ಸಂಶೋಧಕರು ನ್ಯೂಯಾರ್ಕಿನ ಲಕ್ಷಾಂತರ ಮೊಬೈಲುಗಳು ಯಾವ ಹೊತ್ತಿಗೆ ಎಲ್ಲಿದ್ದವು ಎಂಬುದನ್ನು ಪಿಎಂ 2.5 (ಗಾಳಿಯಲ್ಲಿನ ಅತಿಸೂಕ್ಷ್ಮ ಕಣ) ನಕ್ಷೆಯ ಮೇಲಿಟ್ಟು ನೋಡಿದರು. ಮನೆಯ ಲೆಕ್ಕಕ್ಕೂ ಓಡಾಟದ ಲೆಕ್ಕಕ್ಕೂ ತಾಳೆಯಾಗಲಿಲ್ಲ.

ಈ ಮಾತು ನ್ಯೂಯಾರ್ಕಿಗಿಂತ ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗಗಳಿಗೆ ಹೆಚ್ಚು ಸಲ್ಲುತ್ತದೆ. ನ್ಯೂಯಾರ್ಕಿನವರು ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುತ್ತಾರೆ. ಇಲ್ಲಿಯವರು ಕೆಲಸ ಹುಡುಕಿ ಗುಳೆ ಹೋಗುತ್ತಾರೆ. ವರ್ಷದ ಬಹುಪಾಲು ಬೆಂಗಳೂರಿನ ರಿಂಗ್ ರೋಡಿನ ಬದಿಯ ತಗಡಿನ ಶೆಡ್ಡಿನಲ್ಲಿ ಮಲಗಿ, ಸಿಮೆಂಟು ಧೂಳನ್ನೂ ಲಾರಿ ಹೊಗೆಯನ್ನೂ ಒಟ್ಟಿಗೆ ನುಂಗಿದವನು ಹಬ್ಬಕ್ಕೆ ಬಂದು ದಮ್ಮು ಎಂದು ಆಸ್ಪತ್ರೆಗೆ ಹೋದರೆ, ಚೀಟಿಯಲ್ಲಿ ಬರೆಯುವುದು ಅವನ ಊರು ಪೋತ್ನಾಳ. ಬೆಂಗಳೂರಿನ ಹೊಗೆಯ ಸಾಲ ನಮ್ಮ ಊರಿನ ಖಾತೆಗೆ ಬೀಳುತ್ತದೆ. ಇದನ್ನು ತಿದ್ದಲು ಉಪಗ್ರಹವೇನೂ ಬೇಕಿಲ್ಲ. ಆರು ತಿಂಗಳಿಂದ ಎಲ್ಲಿದ್ದೆ, ಏನು ಕೆಲಸ, ಎಲ್ಲಿ ಮಲಗುತ್ತಿದ್ದೆ ಎಂದು ಕೇಳಿದರೂ ಅರ್ಧ ಲೆಕ್ಕ ಸರಿಹೋಗುತ್ತದೆ. ಗಂಟೆಗಂಟೆಯ ಲೆಕ್ಕಕ್ಕೆ ಮಾತ್ರ ನೆನಪು ಸಾಲದು, ಅಲ್ಲಿ ಮೊಬೈಲೇ ಗೆಲ್ಲುತ್ತದೆ.

ಆದರೆ ಊರೊಳಗೆ ಬಂದರೆ ಅದೇ ಮೊಬೈಲು ಎಡವುತ್ತದೆ. ವಾಹನದ ಹೊಗೆಯ ಜೋರು ರಸ್ತೆಯಿಂದ ಕೆಲವು ನೂರು ಮೀಟರಿನೊಳಗೇ ಬಹಳಷ್ಟು ಇಳಿದುಬಿಡುತ್ತದೆ. ಮೊಬೈಲಿನ ಜಾಗ ಹೇಳುವ ಹಳ್ಳಿಗಾಡಿನ ಟವರಿನ ವ್ಯಾಪ್ತಿಯಾದರೋ ಕಿಲೋಮೀಟರುಗಟ್ಟಲೆ. ರಾಯಚೂರು–ಸಿಂಧನೂರು ರಸ್ತೆಯ ಅಂಚಿನಲ್ಲಿ ಕೂತವನೂ ಕಾಲುವೆ ಕೆಳಗಿನ ಭತ್ತದ ಗದ್ದೆಯಲ್ಲಿ ನಿಂತವನೂ ಟವರಿನ ಕಣ್ಣಿಗೆ ಒಂದೇ. ಜಿಪಿಎಸ್ ಇದನ್ನು ಬಿಡಿಸಿ ಹೇಳುತ್ತದೆ, ಸರಿ. ಅದಕ್ಕೆ ಸ್ಮಾರ್ಟ್‌ಫೋನ್ ಬೇಕು, ಅದು ಜೇಬಿನಲ್ಲೇ ಇರಬೇಕು. ಮನೆಗೊಂದೇ ಫೋನಿದ್ದು ಅದು ಮಗನ ಕೈಯಲ್ಲಿದ್ದರೆ, ತಾಯಿ ಎಲ್ಲಿ ಉಸಿರಾಡಿದಳೋ ದೇವರೇ ಬಲ್ಲ.

ಸಂಜೆ ರಸ್ತೆ ಬದಿಯಲ್ಲಿ ಮಿರ್ಚಿ ಭಜಿ ಬಂಡಿ ಹಚ್ಚುವವನನ್ನು ನೋಡಿ. ಸುಗ್ಗಿಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರು ಒಂದರ ಹಿಂದೊಂದು ಗೇರು ಬದಲಿಸಿ ಹೊಗೆ ಉಗುಳುವುದು ಅವನ ಬಾಣಲೆಯ ಎತ್ತರಕ್ಕೇ. ಅವನು ಆ ಜಾಗ ಬಿಟ್ಟು ಕದಲುವುದಿಲ್ಲ. ಓಡಾಟವನ್ನೇ ಹಿಡಿಯುವ ವಿದ್ಯೆಗೆ ಅವನೊಂದು ಚುಕ್ಕೆ. ಅವನ ಎದುರು ಮೂಟೆ ಹೊರುವ ಹಮಾಲಿಯೂ ಅಂಥದ್ದೇ ಇನ್ನೊಂದು ಚುಕ್ಕೆ. ಸುಮ್ಮನೆ ಕೂತವನಿಗಿಂತ ಹಲವು ಪಟ್ಟು ಗಾಳಿಯನ್ನು ಹಮಾಲಿಯ ಎದೆ ಎಳೆದುಕೊಳ್ಳುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಮೂಡದು.

ಇನ್ನು ಗಾಳಿಯ ಲೆಕ್ಕ. ಕೇಂದ್ರ ಸರ್ಕಾರ 2019ರಲ್ಲಿ ಶುರುಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿದವು. ಶಕ್ತಿನಗರದಲ್ಲಿ 1,720 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಇಟ್ಟುಕೊಂಡ ರಾಯಚೂರು ಆ ಪಟ್ಟಿಯಲ್ಲಿಲ್ಲ. ರಸ್ತೆ ಬದಿಯಲ್ಲಿ ಅಳೆಯದ ಗಾಳಿಯನ್ನು ಅಳೆದ ಓಡಾಟದಿಂದ ಗುಣಿಸಿದರೆ ಬರುವುದು ಅಂದಾಜಿನ ಮೇಲಿನ ಅಂದಾಜು.

ಮೊಬೈಲ್ ದತ್ತಾಂಶವನ್ನು ಹೆಸರು ತೆಗೆದೇ ಕೊಡುತ್ತೇವಲ್ಲ, ಭಯವೇಕೆ ಎನ್ನುತ್ತಾರೆ ಕಂಪನಿಯವರು. ಹದಿನೈದು ಲಕ್ಷ ಜನರ ಮೊಬೈಲ್ ದತ್ತಾಂಶದಲ್ಲಿ ಬರೀ ನಾಲ್ಕು ಜಾಗ-ಹೊತ್ತುಗಳು ಗೊತ್ತಿದ್ದರೆ ಶೇಕಡಾ 95 ಮಂದಿಯನ್ನು ಬೇರ್ಪಡಿಸಬಹುದೆಂದು 2013ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಪೋತ್ನಾಳದಂಥ ಊರಿನಲ್ಲಿ ನಾಲ್ಕೂ ಬೇಡ. ಬೆಳಿಗ್ಗೆ ರೈಸ್ ಮಿಲ್ಲು, ಸಂಜೆ ಇಂಥ ಓಣಿ ಎಂದರೆ ಯಾರೆಂದು ಹುಡುಗರೂ ಹೇಳುತ್ತಾರೆ. 2020ರ ಕೋವಿಡ್ ಕಾಲದಲ್ಲಿ ನಮ್ಮದೇ ರಾಜ್ಯ ಕ್ವಾರಂಟೈನಿನಲ್ಲಿದ್ದವರಿಂದ ಗಂಟೆಗೊಂದು ಸೆಲ್ಫಿ ಕೇಳಿದ್ದೂ ಆರೋಗ್ಯದ ಹೆಸರಲ್ಲೇ. ಖಾಸಗಿತನ ಮೂಲಭೂತ ಹಕ್ಕು ಎಂದು ಅದಕ್ಕೂ ಮೊದಲೇ, 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ.

ಆದ್ದರಿಂದ ಸರದಿ ಬದಲಾಗಬೇಕೆಂಬುದು ನನ್ನ ವಾದ. ರಸ್ತೆ ಬದಿಯ ಗಾಳಿಯನ್ನು ಮೊದಲು ಅಳೆಯಿರಿ. ಅದಕ್ಕೆ ಯಾರ ಜೇಬಿಗೂ ಕೈ ಹಾಕಬೇಕಿಲ್ಲ. ಗುಳೆಯವರ ಮೊಬೈಲು ಬೇಕೆಂದರೆ ಕಂಪನಿಯನ್ನಲ್ಲ, ಅವರನ್ನೇ ಕೇಳಿ. ಬಂದ ಲೆಕ್ಕವನ್ನು ಅವರಿಗೂ, ಅವರನ್ನು ಆ ಶೆಡ್ಡಿನಲ್ಲಿಟ್ಟ ಗುತ್ತಿಗೆದಾರನಿಗೂ ತೋರಿಸಿ.